ನಿಂಬೆಯ ಕಜ್ಜಿ: ರೋಗ ಒಂದು, ವಂಶ ಹಲವು

ನಿಂಬೆ ಎಲೆಯ ಮೇಲೆ ಉಬ್ಬಿದ, ಒರಟು ಕಂದು ಚುಕ್ಕೆ. ಸುತ್ತ ಹಳದಿ ಉಂಗುರ. ಇದು ಕಜ್ಜಿ ರೋಗ, ಅಂದರೆ ಕ್ಯಾಂಕರ್. ಇಂಡಿ ತಾಲ್ಲೂಕಿನ ಬೆಳೆಗಾರರಿಗೆ ಇದರ ಪರಿಚಯ ಹೇಳಬೇಕಿಲ್ಲ. ರೋಗ ತರುವುದು ಕ್ಸಾಂತೊಮೊನಾಸ್ ಸಿಟ್ರಿ ಎಂಬ ಬ್ಯಾಕ್ಟೀರಿಯ. ಗಾಳಿಮಳೆಯ ಹನಿಯಲ್ಲಿ ಹಾರಿಬಂದು, ಎಲೆಯ ಸೂಕ್ಷ್ಮ ರಂಧ್ರದಿಂದಲೋ ರಂಗೋಲಿ ಹುಳು ಕೊರೆದ ಗಾಯದಿಂದಲೋ ಒಳಸೇರುತ್ತದೆ.

ಹೆಸರು ಒಂದೇ ಆದಮೇಲೆ ಎಲ್ಲೆಡೆ ಇರುವುದೂ ಒಂದೇ ಎಂದು ಹೊಸಬರು ಭಾವಿಸುವುದು ಸಹಜ. ಆದರೆ ಇದರಲ್ಲಿ ಬೇರೆ ಬೇರೆ ಬಗೆಗಳಿವೆ. 'ಎ' ಬಗೆ ನಿಂಬೆ, ಕಿತ್ತಳೆ, ಗ್ರೇಪ್‌ಫ್ರೂಟ್ ಎನ್ನದೆ ಹೆಚ್ಚುಕಡಿಮೆ ಇಡೀ ಕುಟುಂಬವನ್ನೇ ಕಾಡುತ್ತದೆ. 'ಎ-ಸ್ಟಾರ್' ಬಗೆಗೆ ಮುಖ್ಯವಾಗಿ ಕಾಗ್ಜಿ ನಿಂಬೆಯೇ ಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಕಂಡ 'ಎ-ಡಬ್ಲ್ಯೂ' ಕೂಡ ಹಾಗೆಯೇ. ನಿಂಬೆಯಲ್ಲಿ ಕಜ್ಜಿ ಎಬ್ಬಿಸುತ್ತದೆ, ಗ್ರೇಪ್‌ಫ್ರೂಟಿನಲ್ಲಿ ಸೋಲುತ್ತದೆ. ಚುಕ್ಕೆ ನೋಡಿ ಇವನ್ನು ಬೇರ್ಪಡಿಸಲಾಗದು.

ಸೋಲುವುದೇಕೆ? ನನಗೆ ಇದೇ ಈ ಕಥೆಯ ಸೊಗಸಾದ ಭಾಗ. ಬ್ಯಾಕ್ಟೀರಿಯ ತನ್ನ ಕೆಲವು ಪ್ರೋಟೀನುಗಳನ್ನು ಗಿಡದ ಜೀವಕೋಶಕ್ಕೆ ಚುಚ್ಚುತ್ತದೆ. ಎ-ಡಬ್ಲ್ಯೂ ಚುಚ್ಚುವ ಒಂದು ಪ್ರೋಟೀನನ್ನು ಗ್ರೇಪ್‌ಫ್ರೂಟ್ ಗುರುತು ಹಿಡಿಯುತ್ತದೆ. ಸೋಂಕು ತಗಲಿದ ಜೀವಕೋಶಗಳು ತಾವೇ ಸತ್ತು ರೋಗದ ದಾರಿ ಮುಚ್ಚುತ್ತವೆ. ಸಂಶೋಧಕರು ಆ ಒಂದು ಜೀನನ್ನು ಕೆಡಿಸಿ ನೋಡಿದಾಗ ಅದೇ ಬ್ಯಾಕ್ಟೀರಿಯ ಗ್ರೇಪ್‌ಫ್ರೂಟಿಗೂ ರೋಗ ತಂದಿತು. ಆದರೂ 'ಎ' ಬಗೆಯಷ್ಟು ಜೋರಾಗಿ ಅಲ್ಲ. ಅಂದರೆ ಒಂದೇ ಜೀನು ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ವಂಶ ಪತ್ತೆಮಾಡುವುದು ಹೇಗೆ? ತಾಳೆಗರಿ ನಕಲುಗಳನ್ನು ಹೋಲಿಸುವ ವಿದ್ವಾಂಸರ ದಾರಿಯೇ ಇಲ್ಲೂ. ಬ್ಯಾಕ್ಟೀರಿಯ ಇಬ್ಭಾಗವಾಗುವಾಗ ಸುಮಾರು 52 ಲಕ್ಷ ಅಕ್ಷರಗಳ ಡಿಎನ್ಎ ನಕಲಾಗುತ್ತದೆ, ಅಪರೂಪಕ್ಕೆ ತಪ್ಪುಗಳೂ ನುಸುಳುತ್ತವೆ. ಒಂದೇ ತಪ್ಪನ್ನು ಹೊತ್ತವು ಹತ್ತಿರದ ನೆಂಟರು. ಕೆಲವೆಡೆ ಒಂದೇ ತುಣುಕು ಸಾಲಾಗಿ ಮರುಕಳಿಸುತ್ತದೆ. ಆ ಎಣಿಕೆ ಬೇಗ ಬದಲಾಗುವುದರಿಂದ ಇತ್ತೀಚೆಗೆ ಬೇರಾದ ಬಳಗಗಳನ್ನು ಬಿಡಿಸಲು ಅನುಕೂಲ.

ಹೀಗೆ ನೋಡಿದರೆ ಭಾರತದಲ್ಲಿ ಮೂರೂ ಬಗೆಗಳು ಸಿಗುತ್ತವೆ. ವೈವಿಧ್ಯ ಹೆಚ್ಚಿರುವ ನೆಲವೇ ಮೂಲವಿರಬಹುದು ಎಂಬುದು ಇಂಥ ಅಧ್ಯಯನಗಳ ಸಾಮಾನ್ಯ ತರ್ಕ. 1827–31ರಲ್ಲಿ ಭಾರತದಲ್ಲಿ ಸಂಗ್ರಹಿಸಿ ಒಣಗಿಸಿಟ್ಟ ಮಾದಳದ ಎಲೆಗಳಲ್ಲೂ ಕಜ್ಜಿಯ ಗುರುತು ಕಂಡಿದೆ.

ವಂಶವೃಕ್ಷವೊಂದನ್ನೇ ನಂಬಿದರೆ ಸಾಲದು. ಅರ್ಜೆಂಟೀನಾದಲ್ಲಿ ತಾಮ್ರದ ಸಿಂಪಡಣೆಗೆ ಬಗ್ಗದ ಬ್ಯಾಕ್ಟೀರಿಯ ಸಿಕ್ಕಿದೆ. ಆ ಗುಣದ ಜೀನುಗಳಿರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಬಳೆಯಲ್ಲಿ. ಅದು ತಾಯಿಯಿಂದ ಮರಿಗಷ್ಟೇ ಅಲ್ಲ, ಪಕ್ಕದ ಬ್ಯಾಕ್ಟೀರಿಯಕ್ಕೂ ದಾಟಬಲ್ಲದು. ಆದ್ದರಿಂದ ತೋಟದ ಮಾದರಿ ಕೈಗೆ ಬಂದರೆ ವಂಶವನ್ನೂ ಪ್ಲಾಸ್ಮಿಡ್ಡನ್ನೂ ಬೇರೆಬೇರೆಯಾಗಿ ಓದಬೇಕು.