ಕಾಡಂಚಿನ ಊರುಗಳಲ್ಲಿ ಧರ್ಮೋಪದೇಶ: ಮುಂಡಗೋಡದ ಅನುಭವ

ಮುಂಡಗೋಡ ತಾಲ್ಲೂಕಿನ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ಸಿಗುವುದು ಎರಡು ಜಾಗದಲ್ಲಿ. ಒಂದು ಮನೆ, ಇನ್ನೊಂದು, ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲೋ ಉಪಕೇಂದ್ರದ ಜಗಲಿಯಲ್ಲೋ ನಡೆಯುವ ತರಗತಿ. ಮನೆಯ ಪಾಠಕ್ಕೆ ಪುಸ್ತಕವಿಲ್ಲ, ಹಾಜರಿಯಿಲ್ಲ, ಪರೀಕ್ಷೆಯಿಲ್ಲ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಆದರೆ ಮಕ್ಕಳ ನಂಬಿಕೆ ಬೇರು ಬಿಡುವುದು ಅಲ್ಲೇ ಎಂಬುದು ಈ ಭಾಗದಲ್ಲಿ ವರ್ಷಗಟ್ಟಲೆ ಉಪದೇಶಿಯಾಗಿ ದುಡಿದ ಈ ಲೇಖಕಿಯ ಖಚಿತ ಅಭಿಪ್ರಾಯ.

ತಾಲ್ಲೂಕು ಕಾರವಾರ ಧರ್ಮಕ್ಷೇತ್ರಕ್ಕೆ ಸೇರಿದೆ. 1976ರಲ್ಲಿ ಬೆಳಗಾವಿ ಧರ್ಮಕ್ಷೇತ್ರದಿಂದ ಬೇರ್ಪಟ್ಟ ಕಾರವಾರಕ್ಕೆ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಮೊದಲ ಧರ್ಮಾಧ್ಯಕ್ಷರಾದರು. ಇಲ್ಲಿನ ಕಥೋಲಿಕರು ಒಂದೇ ಬಗೆಯವರಲ್ಲ. ಗೋವಾ ಮತ್ತು ಕರಾವಳಿ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಮನೆತನಗಳಿವೆ. ಮೈನಳ್ಳಿ, ಗುಂಜಾವತಿಯಂಥ ಕಾಡಿನೂರುಗಳ ಸುತ್ತ ಸಿದ್ದಿಗಳಿದ್ದಾರೆ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಸಿದ್ದಿಗಳು ಅವರ ಸಂತತಿ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕಥೋಲಿಕರು ಮೂವರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಮನೆಯಲ್ಲಿ ಅವರು ಆಡುವುದು ಕನ್ನಡ, ಮರಾಠಿ ಬೆರೆತ ತಮ್ಮದೇ ಧಾಟಿಯ ಕೊಂಕಣಿ. ಶಾಲೆಯಲ್ಲಿ ಕನ್ನಡ. ಧರ್ಮೋಪದೇಶದ ಪುಸ್ತಕದಲ್ಲಿರುವುದೂ ಕನ್ನಡವೇ, ಆದರೆ ಅದು ಬೇರೆ ಕನ್ನಡ: ಸಂಸ್ಕೃತ ತುಂಬಿದ, ಸಂತೆಯಲ್ಲಾಗಲಿ ಗದ್ದೆಯಲ್ಲಾಗಲಿ ಯಾರೂ ಆಡದ ಕನ್ನಡ.

ಮಗುವಿನ ಮಾತಿನಲ್ಲೇ ಧರ್ಮ ಕಲಿಸಬೇಕೆಂಬುದು ಹೊಸ ವಿಚಾರವಲ್ಲ. 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರ್ ಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಪಾಠಕ್ಕೆ ಕರೆಯುತ್ತಿದ್ದರು. ಮುಂದೆ ತಮಿಳು ಕರಾವಳಿಗೆ ಹೋದಾಗ ಸ್ಥಳೀಯರನ್ನು ಕೂರಿಸಿಕೊಂಡು ಪ್ರಾರ್ಥನೆಗಳನ್ನು ತಮಿಳಿಗೆ ತಂದರು. ಅವರೂ ಬಾಯಿಪಾಠವನ್ನೇ ಮಾಡಿಸುತ್ತಿದ್ದರು, ಆದರೆ ಜನರ ಮಾತಿನಲ್ಲಿ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಗುರು ಕೊಂಕಣಿಯಲ್ಲಿ ಸಿದ್ಧಪಡಿಸಿದ ಧರ್ಮೋಪದೇಶದ ಪುಸ್ತಕ ಅವರು ತೀರಿಕೊಂಡ ಮೇಲೆ 1622ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾಯಿತು. ಧರ್ಮೋಪದೇಶಕ್ಕೆ ಕೊಂಕಣಿ ಮನೆಗಳಲ್ಲಿ ಇಂದಿಗೂ ದೊತೊರ್ನ್ ಎಂದೇ ಹೆಸರು. ನಾಲ್ಕು ನೂರು ವರ್ಷಗಳ ಹಿಂದೆ ದಕ್ಕಿದ್ದು ಈಗ ಕಾಡಿನೂರಿನ ಮಗುವಿಗೆ ದಕ್ಕದಿರುವುದಕ್ಕೆ ಯಾವ ಕಾರಣವೂ ಸಾಲದು.

ಧರ್ಮಸಭೆಯ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ, ಉದಾರವಾಗಿಯೂ ಇವೆ. ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ತುಂಬುವ ತನಕ ಮಕ್ಕಳಿಗೆ ಪರಮಪ್ರಸಾದ ಕೊಡದೆ ಕಾಯಿಸುತ್ತಿದ್ದ ಕಾಲವಿತ್ತು. 1910ರ ಆಗಸ್ಟ್ 8ರಂದು ಹತ್ತನೆಯ ಪಿಯುಸ್ ಪೋಪರು ‘ಕ್ವಾಮ್ ಸಿಂಗುಲಾರಿ’ ಆದೇಶದ ಮೂಲಕ ಅದನ್ನು ನಿಲ್ಲಿಸಿದರು. ತಿಳಿವಳಿಕೆ ಮೂಡುವ ಪ್ರಾಯ, ಅಂದರೆ ಸುಮಾರು ಏಳು ವರ್ಷ ಸಾಕು. ಪರಮಪ್ರಸಾದಕ್ಕೂ ದಿನನಿತ್ಯದ ರೊಟ್ಟಿಗೂ ಇರುವ ವ್ಯತ್ಯಾಸ ಮಗುವಿಗೆ ಗೊತ್ತಿರಬೇಕು. ಇಡೀ ಧರ್ಮೋಪದೇಶ ಬಾಯಿಗೆ ಬರಬೇಕಾಗಿಲ್ಲ. ಪ್ರತಿ ಭಾನುವಾರ ಮಕ್ಕಳಿಗೆ ಒಂದು ಗಂಟೆ ಪಾಠ ಆಗಲೇಬೇಕೆಂದು 1905ರಲ್ಲೇ ಕಟ್ಟಪ್ಪಣೆ ಮಾಡಿದ್ದವರೂ ಇದೇ ಪೋಪರು. ಇಂದು ಜಾರಿಯಲ್ಲಿರುವ 1983ರ ಧರ್ಮಸಭಾ ಸಂಹಿತೆಯ 774ನೆಯ ನಿಯಮ ಮಕ್ಕಳಿಗೆ ನಂಬಿಕೆ ಕಲಿಸುವ ಹೊಣೆಯನ್ನು ಎಲ್ಲರಿಗಿಂತ ಮೊದಲು ತಂದೆತಾಯಿಯ ಮೇಲೆ ಹಾಕುತ್ತದೆ. 913ನೆಯ ನಿಯಮ ಕೇಳುವುದು ಮಗುವಿನ ಶಕ್ತಿಗೆ ತಕ್ಕಷ್ಟು ಅರಿವನ್ನು. 914ನೆಯದರ ಪ್ರಕಾರ ಮಗು ಸಿದ್ಧವಾಗಿದೆಯೇ ಎಂದು ನೋಡುವವರು ಹೆತ್ತವರು ಮತ್ತು ಧರ್ಮಕೇಂದ್ರದ ಗುರುಗಳು. ಧರ್ಮಕೇಂದ್ರದ ಪಾಲನಾ ಸಮಿತಿಯ ಸದಸ್ಯರ ಹೆಸರು ಅಲ್ಲೆಲ್ಲೂ ಇಲ್ಲ.

ತರಗತಿಗಳು ಜೂನ್‌ನಲ್ಲಿ ಶಾಲೆಯ ಜೊತೆಗೇ ಶುರುವಾಗುತ್ತವೆ. ಮಳೆ ಹಿಡಿದು ನಾಟಿ ಆರಂಭವಾದರೆ ಮಕ್ಕಳು ಅರ್ಧಕ್ಕೆ ಇಳಿಯುತ್ತಾರೆ: ದೊಡ್ಡವರು ಗದ್ದೆಗೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಇವರೇ. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ, ಹೊಸ ತೆನೆಯ ಆಶೀರ್ವಾದಕ್ಕೆ, ಎಲ್ಲರೂ ಮತ್ತೆ ಕೂಡುತ್ತಾರೆ. ಬೇಸಿಗೆ ರಜೆಯಲ್ಲಿ ಮೊದಲು ಪಾಪನಿವೇದನೆ, ಆಮೇಲೆ ಪ್ರಥಮ ಪರಮಪ್ರಸಾದ. ಅದಕ್ಕೆ ಮುಂಚೆ ಬಾಯಿಪಾಠದ ಪರೀಕ್ಷೆ ಇಡುವ ರೂಢಿ ಹಲವು ಕಡೆ ಇದೆ.

ಅಂಥದೊಂದು ಪರೀಕ್ಷೆಯ ದಿನ ನಡೆದದ್ದನ್ನು ವಿವರವಾಗಿ ಹೇಳಬೇಕು. ಧರ್ಮಕೇಂದ್ರದ ಹೆಸರು ಇಲ್ಲಿ ಬೇಡ. ಗುರುಗಳು ಅಂತ್ಯಕ್ರಿಯೆಯೊಂದಕ್ಕೆ ಪಕ್ಕದೂರಿಗೆ ಹೋಗಿದ್ದರು. ಅವರ ಕುರ್ಚಿಯಲ್ಲಿ ಪಾಲನಾ ಸಮಿತಿಯ ಹಿರಿಯರೊಬ್ಬರು ಕೂತು ನೋಟುಬುಕ್ಕು ಬಿಡಿಸಿದರು. ಪಟ್ಟಣದ ಮಕ್ಕಳು ಒಬ್ಬೊಬ್ಬರಾಗಿ ಬಂದು ಗಡಗಡ ಒಪ್ಪಿಸಿ ಹೋದರು. ಆಮೇಲೆ ಕಾಡಿನೂರಿನ ನಾಲ್ಕನೆಯ ತರಗತಿಯ ಸಿದ್ದಿ ಹುಡುಗಿಯ ಸರದಿ. ಅಜ್ಜಿಯ ಜೊತೆ ಬೆಳಕು ಹರಿಯುವ ಮುಂಚೆಯೇ ಹೊರಟು ಬಂದಿದ್ದಳು. ಲಂಗದ ಅಂಚಿಗೆ ಕೆಂಪು ಮಣ್ಣು ಮೆತ್ತಿತ್ತು. ಪಶ್ಚಾತ್ತಾಪದ ಪ್ರಾರ್ಥನೆ ಹೇಳು ಎಂದರು. ಮೊದಲ ಸಾಲು ಬಂತು. ಎರಡನೆಯದರ ನಡುವೆ ಒಂದು ದೊಡ್ಡ ಸಂಸ್ಕೃತ ಪದಕ್ಕೆ ನಾಲಗೆ ತೊಡರಿತು. ಹುಡುಗಿ ಮತ್ತೆ ಮೊದಲಿನಿಂದ ಆರಂಭಿಸಿದಳು, ಮತ್ತೆ ಅಲ್ಲೇ ನಿಂತಳು. ಎರಡು ಕೈಯಿಂದ ಲಂಗ ಹಿಡಿದು ತಿರುಚತೊಡಗಿದಳು.

“ಬರೂದಿಲ್ಲಾ? ಹಂಗಾರ ಮುಂದಿನ ವರ್ಷ ನೋಡೂಣು,” ಎಂದು ಹಿರಿಯರು ಹೆಸರಿನ ಮೇಲೆ ಕೆಂಪು ಗೆರೆ ಎಳೆದರು.

“ಆಕೀಗೆ ಆಕೀ ಮಾತಿನ್ಯಾಗ ಕೇಳ್ರಿ, ಹೇಳ್ತಾಳ,” ಎಂದಳು ಉಪದೇಶಿ.

“ಪುಸ್ತಕದಾಗ ಇದ್ದಂಗ ಹೇಳಬೇಕ್ರಿ ಅಕ್ಕೋರೆ. ಇಲ್ಲಾಂದ್ರ ನಾಳೆ ಎಲ್ಲಾರೂ ಹಿಂಗ ಬರ್ತಾರ.”

ಹುಡುಗಿ ಅಳಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಯ ಮುಖ ನೋಡಿದಳು. ಅಜ್ಜಿಗೆ ಪರೀಕ್ಷೆಯ ಮಾತು ಅರ್ಥವಾಗಿರಲಿಲ್ಲ, ಕೆಂಪು ಗೆರೆ ಅರ್ಥವಾಗಿತ್ತು. ಸಾಲ ಮಾಡಿ ಬಿಳಿ ಫ್ರಾಕು ಹೊಲಿಸಿಟ್ಟಿದ್ದ ಮನೆ ಅದು. ಮುದುಕಿ ಒಂದು ಮಾತೂ ಆಡದೆ ಮೊಮ್ಮಗಳ ಕೈ ಹಿಡಿದು ಅಂಗಳಕ್ಕಿಳಿದಳು. ಅದೇ ದಿನ ಇನ್ನೂ ಇಬ್ಬರು ಹುಡುಗರ ಹೆಸರಿನ ಮೇಲೂ ಗೆರೆ ಬಿತ್ತು.

ಉಪದೇಶಿ ಅಜ್ಜಿ ಮೊಮ್ಮಗಳನ್ನು ಹೋಗಗೊಡದೆ ಗುರುಗಳು ಬರುವ ತನಕ ಚರ್ಚಿನ ಮೆಟ್ಟಿಲ ಮೇಲೆ ಕೂರಿಸಿಕೊಂಡಳು. ಅವರು ಬಂದ ಕೂಡಲೇ 913ನೆಯ ನಿಯಮವನ್ನು ಎದುರಿಗಿಟ್ಟಳು. ಹಿರಿಯರು ಶಿಸ್ತಿನ ಮಾತೆತ್ತಿದರು. ಗುರುಗಳು ಇಬ್ಬರ ಮಾತನ್ನೂ ಕೇಳಿ, ಹುಡುಗಿಯನ್ನು ಪೀಠದ ಹತ್ತಿರ ಕರೆದು ಕೊಂಕಣಿಯಲ್ಲಿ ಮಾತಾಡಿಸಿದರು. ಪೂಜೆಯಲ್ಲಿ ಕೊಡುವುದು ಏನು? ಮನೆಯ ಭಕ್ಕರಿ ಹೊಟ್ಟೆಗೆ, ಇದು ಯೇಸು, ಎಂದಳು. ತಪ್ಪು ಮಾಡಿದರೆ ಏನು ಮಾಡುತ್ತಿ? ತಮ್ಮನಿಗೆ ಹೊಡೆದ ದಿನ ರಾತ್ರಿ ಅಜ್ಜಿಯ ಜೊತೆ ಶಿಲುಬೆಯ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ್ದನ್ನೂ ಬೆಳಿಗ್ಗೆ ಎದ್ದು ತಮ್ಮನನ್ನು ಹೊತ್ತುಕೊಂಡು ತಿರುಗಿದ್ದನ್ನೂ ಹೇಳಿದಳು. ಪಶ್ಚಾತ್ತಾಪದ ಪ್ರಾರ್ಥನೆಯ ಸಾರವೆಲ್ಲ ಅದರಲ್ಲಿತ್ತು. ಗುರುಗಳು ನೋಟುಬುಕ್ಕು ತರಿಸಿ ಅವಳ ಹೆಸರನ್ನು ತಾವೇ ಬರೆದರು. ಇಬ್ಬರು ಹುಡುಗರನ್ನೂ ಕರೆಸಿ ಎಂದರು. ಅಷ್ಟರಲ್ಲಿ ಅವರ ಮನೆಯವರು ಅವಮಾನವಾಯಿತೆಂದು ಹೊರಟು ಹೋಗಿದ್ದರು. ಹೇಳಿ ಕಳಿಸಿದರೂ ಆ ವರ್ಷ ಬರಲಿಲ್ಲ. ಆ ದಿನ ಹಿರಿಯರ ಎದುರು ದನಿ ಎತ್ತಿದ್ದು ಸರಿಯೇ ಎಂಬುದರಲ್ಲಿ ಈ ಲೇಖಕಿಗೆ ಅನುಮಾನವಿಲ್ಲ. ನೋಟುಬುಕ್ಕು ಬೇರೆಯವರ ಕೈಗೆ ಸೇರದಿದ್ದರೆ ಆ ಹುಡುಗರೂ ಪೀಠದ ಮುಂದೆ ಸಾಲಿನಲ್ಲಿ ನಿಂತಿರುತ್ತಿದ್ದರು.

ಆ ಹುಡುಗಿಗೆ ಕಲಿಸಿದ್ದು ಮನೆ. ಸಿದ್ದಿ ಮನೆಗಳಲ್ಲಿ ಹಳೆ ಸೀರೆ, ಅಂಗಿ ತುಂಡುಗಳನ್ನು ಜೋಡಿಸಿ ಹೆಂಗಸರು ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಹೂವಿನಂತೆ ಮಡಿಚಿದ ಬಟ್ಟೆ ಕೂರಿಸದೆ ಕೌದಿ ಮುಗಿಯುವುದಿಲ್ಲ. ಕಥೋಲಿಕರಾದರೆ ನಡುವೆ ಶಿಲುಬೆಗಳನ್ನೂ ಹೊಲಿಯುತ್ತಾರೆ. ಮಗು ಆ ಶಿಲುಬೆ ಹೊದ್ದು ಮಲಗುತ್ತದೆ, ಅದನ್ನು ಬೆರಳಿಟ್ಟು ಎಣಿಸುತ್ತದೆ, ಯಾಕೆ ಹೊಲಿದೆ ಎಂದು ಕೇಳುತ್ತದೆ. ಉಪದೇಶಿಗೆ ಪಾಠ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಸಿದ್ದಿಗಳು ಯಾವ ಧರ್ಮದವರಾದರೂ ತೀರಿಕೊಂಡ ಹಿರಿಯರನ್ನು ನೆನೆಯುವುದನ್ನು ಬಿಡುವುದಿಲ್ಲ. ಅದನ್ನು ಮೂಢನಂಬಿಕೆ ಎಂದು ಮಕ್ಕಳ ಎದುರು ಜರೆಯುವ ಶಿಕ್ಷಕರಿದ್ದಾರೆ. ಹಾಗೆ ಮಾಡಿದರೆ ಮಗು ಅಜ್ಜಿ ಮತ್ತು ಚರ್ಚಿನ ನಡುವೆ ಒಬ್ಬರನ್ನು ಆರಿಸಿಕೊಳ್ಳಬೇಕಾಗುತ್ತದೆ. ನವೆಂಬರ್ 2ರಂದು ಮೃತರ ಸ್ಮರಣೆಯ ಪೂಜೆ ಧರ್ಮಸಭೆಯಲ್ಲೇ ಇರುವಾಗ, ಮನೆಯ ಹಿರಿಯರ ಹೆಸರುಗಳನ್ನು ಬರೆದು ತರಲು ಮಕ್ಕಳಿಗೆ ಹೇಳಿ ಅಲ್ಲಿಂದ ಪುನರುತ್ಥಾನದ ಪಾಠಕ್ಕೆ ಹೋಗಬಹುದು.

ಇನ್ನು ಹೊಸದಾಗಿ ಉಪದೇಶಿಯಾಗುವವರಿಗೆ ಹೇಳಬೇಕಾದ ಕೆಲವು ಮಾತುಗಳು. ಪ್ರಾರ್ಥನೆಯನ್ನು ಮೊದಲು ಮಗುವಿನ ಮಾತಿನಲ್ಲಿ ಹೇಳಿಸಿ, ಆಮೇಲೆ ಪುಸ್ತಕದ ಕನ್ನಡಕ್ಕೆ ತರಬೇಕು. ಎಲ್ಲರೊಡನೆ ಪೂಜೆಯಲ್ಲಿ ದನಿಗೂಡಿಸಲು ಅದೂ ಬೇಕು. ನಾಟಿಯ ತಿಂಗಳುಗಳಲ್ಲಿ ಹಾಜರಿ ಹಿಡಿದು ದಂಡಿಸುವ ಬದಲು ಸಂಜೆ ಊರಿಗೇ ಹೋಗಿ ಒಂದು ಮನೆಯಲ್ಲಿ ಜಪಸರ ಮಾಡಿಸಿದರೆ ಅಜ್ಜಿಯೂ ಕೂರುತ್ತಾಳೆ, ಮಕ್ಕಳೂ ಕೂರುತ್ತಾರೆ. ಹಾಡು, ಸಿದ್ದಿಗಳ ಡಮಾಮಿ ಕುಣಿತದ ತಾಳ ಬರುವ ಮಕ್ಕಳಿಗೆ ಶುಭಸಂದೇಶದ ಕಥೆ ಹಾಡಿನಲ್ಲಿ ಬೇಗ ಹತ್ತುತ್ತದೆ. ಉಪದೇಶಿಗೆ ತರಬೇತಿ ಬೇಕು. ಅಮಲೋರ್ಪವದಾಸ್ ಗುರುಗಳು 1967ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಕೇಂದ್ರ ಹುಟ್ಟಿದ್ದೇ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯನ್ನು ಇಲ್ಲಿನ ಜನರ ಬದುಕಿಗೆ ಹತ್ತಿರ ತರಲು. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಶ್ರೀಸಾಮಾನ್ಯರ ಉಪದೇಶಿ ಸೇವೆಗೆ ಅಧಿಕೃತ ಸ್ಥಾನ ಕೊಟ್ಟ ಮೇಲಂತೂ ಇದು ಬಿಡುವಿನ ಕೆಲಸವೆಂದು ಯಾರೂ ತಳ್ಳಿಹಾಕುವಂತಿಲ್ಲ.

ಪ್ರಥಮ ಪರಮಪ್ರಸಾದದ ನಂತರ ತರಗತಿ ಖಾಲಿಯಾಗುವುದು ಎಲ್ಲ ಧರ್ಮಕೇಂದ್ರಗಳ ಕಷ್ಟ. ಪ್ರೌಢಶಾಲೆಯ ವಯಸ್ಸಿನಲ್ಲಿ ದೃಢೀಕರಣದ ತಯಾರಿ ಬರುವ ಹೊತ್ತಿಗೆ ಕೆಲವರು ಹಾಸ್ಟೆಲ್ಲಿನಲ್ಲಿರುತ್ತಾರೆ, ಕೆಲವರು ಕೂಲಿಗೆ ಗೋವೆಗೆ ಹೋದ ಹೆತ್ತವರ ಜೊತೆ ಹೊರಟಿರುತ್ತಾರೆ. ಹೊಸ ಊರಿನ ಚರ್ಚಿನಲ್ಲಿ ಮೊದಲು ಕೇಳುವುದು ಜ್ಞಾನಸ್ನಾನದ ಪ್ರಮಾಣಪತ್ರ. ಜ್ಞಾನಸ್ನಾನದ ದಫ್ತರದಲ್ಲಿ ದೃಢೀಕರಣ, ಮದುವೆ ದಾಖಲಾಗಬೇಕೆಂದು 535ನೆಯ ನಿಯಮ ಹೇಳುತ್ತದೆ. ಆ ಪಟ್ಟಿಯಲ್ಲಿ ಪ್ರಥಮ ಪರಮಪ್ರಸಾದ ಇಲ್ಲ. ಆದ್ದರಿಂದ ಊರು ಬಿಡುವ ಮನೆಯವರು ಜ್ಞಾನಸ್ನಾನದ ಪ್ರತಿಯೊಂದಿಗೆ, ಮಗು ಪ್ರಥಮ ಪರಮಪ್ರಸಾದ ಪಡೆದ ಬಗ್ಗೆ ಗುರುಗಳ ಸಹಿ, ಮೊಹರು ಇರುವ ಚೀಟಿಯನ್ನೂ ಕೇಳಿ ಪಡೆದು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು.