ಬಿಚ್ಚಿಕೊಳ್ಳಬಲ್ಲ ಬಂಧಗಳು

ಟ್ರೈಮೆಸಿಕ್ ಆಮ್ಲದ ಅಣು ನೋಡಲು ಸರಳ: ನಡುವೆ ಬೆಂಜೀನ್ ಉಂಗುರ, ಮೂರು ದಿಕ್ಕಿಗೆ ಚಾಚಿದ ಮೂರು ಕಾರ್ಬಾಕ್ಸಿಲ್ ಗುಂಪುಗಳು. ಕೊಬ್ಬಿನಾಮ್ಲದಲ್ಲಿ ಕರಗಿಸಿ ಒಂದು ಹನಿಯನ್ನು ಗ್ರಾಫೈಟಿನ ಮೇಲೆ ಬಿಟ್ಟರೆ ಸಾಕು. ಅಣುಗಳು ತಾವಾಗಿಯೇ ಮಗ್ಗುಲಿಗೆ ಮಗ್ಗುಲು ಕೂಡಿ ಜೇನುಗೂಡಿನಂಥ ಜಾಲರಿ ಕಟ್ಟುತ್ತವೆ. ದಪ್ಪ ಒಂದೇ ಅಣು, ಪ್ರತಿ ಕಣ್ಣಿನ ಅಗಲ ಸುಮಾರು 1.1 ನ್ಯಾನೋಮೀಟರ್. ಇಂಥ ಪದರಗಳ ನಡುವೆಯೇ ಕೆಲಸದ ವರ್ಷಗಳನ್ನು ಕಳೆದ ನನಗೆ ಈ ಪುಟ್ಟ ಅಣುವೇ ದೊಡ್ಡ ಮೇಷ್ಟ್ರು.

ಇದನ್ನು ಕಾಣಿಸುವುದು ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ. ಅದನ್ನು ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ರೂಪಿಸಿದ ಬಿನ್ನಿಗ್ ಮತ್ತು ರೋರರ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಪ್ಲಾಟಿನಂ-ಇರಿಡಿಯಂ ತಂತಿಯನ್ನು ಓರೆಯಾಗಿ ಕತ್ತರಿಸಿದರೆ ಮೊನೆ ಸಿದ್ಧ. ಗ್ರಾಫೈಟಿನ ಮೇಲ್ಪದರವನ್ನು ಅಂಟುಪಟ್ಟಿಯಿಂದ ಕಿತ್ತರೆ ಹೊಸ ನೆಲ ಸಿದ್ಧ.

ಅಣುವಿನ ಆಕಾರವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದುಕೊಳ್ಳುವವರು 2005ರಲ್ಲಿ ಲ್ಯಾಕಿಂಗರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಉದ್ದ ಸರಪಳಿಯ ನೊನಾನೋಯಿಕ್ ಆಮ್ಲದಲ್ಲಿ ಟ್ರೈಮೆಸಿಕ್ ಆಮ್ಲ ಜೇನುಗೂಡಾಯಿತು. ಕಮಟು ಬೆಣ್ಣೆಯ ನಾತ ಬೀರುವ, ಗಿಡ್ಡ ಸರಪಳಿಯ ಬ್ಯುಟನೋಯಿಕ್ ಆಮ್ಲದಲ್ಲಿ ಅದೇ ಅಣು ಇನ್ನಷ್ಟು ಒತ್ತೊತ್ತಾಗಿ ಕೂತು ಹೂವಿನ ವಿನ್ಯಾಸ ತಳೆಯಿತು. ದ್ರಾವಕ ಬರೀ ಸಾಗಣೆಯ ಗಾಡಿಯಲ್ಲ, ರಚನೆಯಲ್ಲಿ ಅದಕ್ಕೂ ಪಾಲಿದೆ.

ಎರಡನೆಯ ಪಾಠ ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲದ್ದು. ಇವೆರಡರ ಅಂಚುಗಳು ಮೂರು ಮೂರು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿಯುತ್ತವೆ. ಹಿಡಿತ ಎಷ್ಟು ಆತುರದ್ದೆಂದರೆ, ನೀರಿನಲ್ಲಿ ಬೆರೆಸಿದ ಕೂಡಲೇ ಬಿಳಿ ಪುಡಿ ತಳ ಸೇರುತ್ತದೆ. ಅದರಿಂದ ರಚನೆಯನ್ನು ಓದಲು ಬೇಕಾದ ಒಳ್ಳೆಯ ಹರಳು ಸಿಗುವುದಿಲ್ಲ. 1999ರಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ಮುಚ್ಚಿದ ಪಾತ್ರೆಯಲ್ಲಿ ಬಿಸಿನೀರಿನ ಒತ್ತಡದಡಿ ಇವನ್ನು ಕೂಡಿಸಿ ಹರಳು ಪಡೆದರು. ಕಾವಿನಲ್ಲಿ ಬಂಧಗಳು ಬಿಚ್ಚಿ ಮತ್ತೆ ಕೂಡುತ್ತವೆ. ತಪ್ಪಿ ಕೂತ ಅಣು ಎದ್ದು ಸರಿಯಾದ ಜಾಗ ಹುಡುಕಿಕೊಳ್ಳುತ್ತದೆ. ಬೆಂಗಳೂರಿನ ಜಕ್ಕೂರಿನಿಂದ ಬಂದ ಈ ಕೆಲಸ ನನಗೆ ಇಂದಿಗೂ ಹೆಮ್ಮೆಯ ವಿಷಯ.

ಹಾಗಾದರೆ ಗಟ್ಟಿಮುಟ್ಟಾದ ಸಹವೇಲೆನ್ಸೀಯ ಬಂಧಗಳಿಂದ ಹಾಳೆ ಕಟ್ಟುವವರು ಏನು ಮಾಡಬೇಕು? ಬೋರಾನಿಕ್ ಆಮ್ಲಗಳು ದಾರಿ ತೋರಿಸುತ್ತವೆ. ಅವು ಒಂದಕ್ಕೊಂದು ಕೂಡುವಾಗ ನೀರಿನ ಅಣುಗಳು ಹೊರಬೀಳುತ್ತವೆ. ಆ ನೀರೆಲ್ಲ ಆರಿಹೋದರೆ ತಪ್ಪು ಬಂಧವನ್ನು ಬಿಚ್ಚಲು ಏನೂ ಉಳಿಯುವುದಿಲ್ಲ, ಹಾಳೆ ಅಡ್ಡಾದಿಡ್ಡಿಯಾಗುತ್ತದೆ. ಅದಕ್ಕೇ 2012ರಲ್ಲಿ ಚೀನಾದ ಸಂಶೋಧಕರು ಗ್ರಾಫೈಟಿನ ಜೊತೆಗೆ, ಮುಚ್ಚಿದ ಪಾತ್ರೆಯೊಳಗೆ ಮೈಲುತುತ್ತದ ಹರಳುಗಳನ್ನೂ ಇಟ್ಟರು. ಕಾದಾಗ ಅದು ನೀರು ಬಿಡುತ್ತದೆ, ತಣಿದಾಗ ಮತ್ತೆ ಹೀರಿಕೊಳ್ಳುತ್ತದೆ.