ಕ್ವೇಸಾರ್ ಬೆಳಕು ಮತ್ತು ವಿಶ್ವದ ಧೂಳು

ಕನ್ನಡದ ಖಗೋಳ ಬರಹಗಳಲ್ಲಿ 'ಬೆಳಕು ಕೆಂಪಾಗುತ್ತದೆ' ಎಂಬ ಮಾತು ಬಂದಾಗ ಓದುಗನು ತುಸು ನಿಲ್ಲಬೇಕು. ಆ ಒಂದೇ ಮಾತು ಎರಡು ಬೇರೆ ಸಂಗತಿಗಳನ್ನು ಸೂಚಿಸಬಲ್ಲದು.

ಮೊದಲನೆಯದು ಕೆಂಪು ಪಲ್ಲಟ. 1963ರಲ್ಲಿ ಮಾರ್ಟೆನ್ ಶ್ಮಿಟ್ ಅವರು 3ಸಿ 273 ಎಂಬ, ನಕ್ಷತ್ರದಂತೆ ತೋರುವ ಕಾಯದ ರೋಹಿತವನ್ನು ಪರಿಶೀಲಿಸಿದರು. ಜಲಜನಕದ ರೇಖೆಗಳೆಲ್ಲ ತಮ್ಮ ಎಡೆ ಬಿಟ್ಟು ಸರಿದಿದ್ದವು. 486 ನ್ಯಾನೋಮೀಟರಿನ ರೇಖೆ ಸುಮಾರು 563ರಲ್ಲಿತ್ತು. ವಿಶ್ವವು ಹಿಗ್ಗುವುದರಿಂದ ಎಲ್ಲ ಅಲೆಗಳೂ ಒಂದೇ ಪ್ರಮಾಣದಲ್ಲಿ, ಇಲ್ಲಿ ಸುಮಾರು ಶೇಕಡ 16ರಷ್ಟು, ನೀಳವಾಗಿದ್ದವು.

ಎರಡನೆಯದು ಧೂಳಿನ ಪರಿಣಾಮ. ಇಲ್ಲಿ ಯಾವ ರೇಖೆಯೂ ಸರಿಯುವುದಿಲ್ಲ. ನೀಲಿ ಬೆಳಕು ಹೆಚ್ಚಾಗಿ ಚದುರಿ, ಹೀರಲ್ಪಟ್ಟು, ಕೆಂಪು ಹೆಚ್ಚಾಗಿ ಉಳಿಯುತ್ತದೆ. ಇದನ್ನು 'ಕೆಂಪೇರಿಕೆ' ಎಂದು ಬೇರೆ ಹೆಸರಿನಿಂದ ಕರೆಯುವುದು ಮೇಲು. ಎರಡಕ್ಕೂ ಒಂದೇ ಪದ ಬಳಸಿದ ಅನುವಾದದಲ್ಲಿ ಅರ್ಥವೇ ಕೆಡುತ್ತದೆ. 'ಧೂಳು' ಎಂಬ ಪದವೂ ಸ್ವಲ್ಪ ದಾರಿ ತಪ್ಪಿಸುವಂಥದು. ಕನ್ನಡದ ಧೂಳು, ಮರಾಠಿಯ ಧೂಳ್ ಎರಡೂ ಬಂಡಿದಾರಿಯನ್ನೇ ನೆನಪಿಸುತ್ತವೆ. ಬಾಹ್ಯಾಕಾಶದ ಕಣವಾದರೋ ದೀಪದ ಮಸಿಯಷ್ಟು ನಯ: ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸು. ಅದರಲ್ಲಿರುವುದು ಮುಖ್ಯವಾಗಿ ಇಂಗಾಲ ಮತ್ತು ಸಿಲಿಕೇಟು.

ನಕ್ಷತ್ರಗಳ ನಡುವೆ ಇಂಥ ಧೂಳಿದೆಯೆಂದು ರಾಬರ್ಟ್ ಟ್ರಂಪ್ಲರ್ 1930ರಲ್ಲೇ ತೋರಿಸಿದ್ದರು. ಗೆಲಾಕ್ಸಿಗಳ ಆಚೆಯ ಬಯಲಿನಲ್ಲಿಯೂ ಅದು ಇದೆಯೇ ಎಂಬುದು ಕಠಿಣತರವಾದ ಪ್ರಶ್ನೆ. ಒಂದು ಕ್ವೇಸಾರ್ ಕೆಂಪಗೆ ಕಂಡರೆ, ಅದರ ಸಹಜ ಬಣ್ಣವೇ ಹಾಗಿರಬಹುದಲ್ಲ!

2010ರಲ್ಲಿ ಪ್ರಕಟವಾದ ಬ್ರೀಸ್ ಮೆನಾರ್ ಮತ್ತು ಸಂಗಡಿಗರ ಅಧ್ಯಯನವು ಇದಕ್ಕೆ ಸಂಖ್ಯೆಯ ಬಲವನ್ನು ಹೂಡಿತು. ಸ್ಲೋನ್ ಆಕಾಶ ಸಮೀಕ್ಷೆಯ ಸುಮಾರು 85,000 ಕ್ವೇಸಾರ್‌ಗಳನ್ನು, ಅವುಗಳ ಮುಂದಿರುವ 2.4 ಕೋಟಿ ಗೆಲಾಕ್ಸಿಗಳೊಡನೆ ಹೋಲಿಸಲಾಯಿತು. ಗೆಲಾಕ್ಸಿಗೆ ಹತ್ತಿರದಲ್ಲಿ ಹಾದುಬಂದ ಬೆಳಕು ಸರಾಸರಿಯಲ್ಲಿ ಅತ್ಯಲ್ಪವಾಗಿ, ಆದರೆ ಖಚಿತವಾಗಿ, ಹೆಚ್ಚು ಕೆಂಪಾಗಿತ್ತು. ಒಂದು ತೊಡಕಿತ್ತು: ಗೆಲಾಕ್ಸಿಯ ಗುರುತ್ವವು ಮಸೂರದಂತೆ ಹಿಂದಿನ ಕ್ವೇಸಾರನ್ನು ಬೆಳಗಿಸುತ್ತದೆ, ಧೂಳು ಅದನ್ನೇ ಮಂಕಾಗಿಸುತ್ತದೆ. ಆದರೆ ಗುರುತ್ವವು ಬಣ್ಣವನ್ನು ಬದಲಿಸದು; ಧೂಳು ಬದಲಿಸುತ್ತದೆ. ಆ ವ್ಯತ್ಯಾಸವೇ ಎರಡನ್ನೂ ಬೇರ್ಪಡಿಸಿತು. ಗೆಲಾಕ್ಸಿಯ ತಟ್ಟೆಯೊಳಗಿರುವ ಧೂಳಿಗೆ ಹೋಲಿಸಬಹುದಾದಷ್ಟು ಧೂಳು ಅದರ ಹೊರವಲಯದಲ್ಲಿಯೂ ಹರಡಿದೆಯೆಂದು ಕಂಡುಬಂತು.

ದೂರದ ಸೂಪರ್‌ನೋವಾಗಳ ಮಂಕನ್ನು ಅಳೆದೇ 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆಯೆಂದು ಹೇಳಲಾಗಿತ್ತು. ಈ ಧೂಳಿನಿಂದ ಆ ನಿರ್ಣಯ ಬಿದ್ದುಹೋಗುವುದಿಲ್ಲ. ನಿಖರವಾದ ಅಳತೆಯಲ್ಲಿ ಮಾತ್ರ ಇದರ ಪಾಲನ್ನು ಕಳೆಯಲೇಬೇಕಾಗುತ್ತದೆ.